ಎರಡು ಮಂಚಗಳ ಮೇಲೆ ಒಂದು ಹೆಸರು

ರಾಯಚೂರು
೯ ಆಗಸ್ಟ್ ೧೯೯೯

ಅಮರೇಶಪ್ಪ ತಮ್ಮನಿಗೆ ಗಿರಿಜಾಬಾಯಿಯ ಆಶೀರ್ವಾದಗಳು.

ನಾನು ಯಾರೆಂದು ನೆನಪಾಯಿತೇ? ಜನವರಿಯಲ್ಲಿ ನೀವು ನಮ್ಮ ಆಸ್ಪತ್ರೆಯ ಐ.ಸಿ.ಯು.ಗೆ ಕಂಪ್ಯೂಟರ್ ಕೂಡಿಸಲು ಬಂದು ಒಂದು ವಾರ ಇದ್ದಾಗ ನಿಮಗೆ ದಿನಾ ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದ ನರ್ಸ್. ನಿಮ್ಮ ಯಂತ್ರಕ್ಕೆ ನಾವೆಲ್ಲ ಒಗ್ಗಿಕೊಂಡಿದ್ದೇವೆ. ಮೊದಲು ಎಂಟೂ ಮಂಚಗಳ ನಡುವೆ ಓಡಾಡಿ ನನ್ನ ಕಾಲುಗಳು ಬಾತುಕೊಳ್ಳುತ್ತಿದ್ದವು. ಈಗ ಮೇಜಿನ ಮುಂದೆ ನಿಂತರೆ ಸಾಕು, ಎಲ್ಲರ ನಾಡಿ, ಆಕ್ಸಿಜನ್ ಒಂದೇ ಪರದೆಯ ಮೇಲೆ ಕಾಣುತ್ತದೆ. ಯಾರದಾದರೂ ಇಳಿದರೆ ಅದೇ ಕೂಗುತ್ತದೆ. ಡಾಕ್ಟರ್ ಅಂಬಾದಾಸರು ಬಂದವರಿಗೆಲ್ಲ ಅದನ್ನು ತೋರಿಸುತ್ತಾರೆ.

ಒಂದು ಸಣ್ಣ ತಕರಾರಿದೆ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ವಾರ ಮಂದಾಕಿನಿ ಎಂಬ ಹೆಣ್ಣುಮಗಳ ಹೆಸರು ಎರಡು ಮಂಚಗಳ ಮೇಲೆ ಬಂತು. ಎರಡನೇ ಮಂಚದಲ್ಲಿ ಇದ್ದವಳು ಅವಳೇ. ಐದನೇ ಮಂಚದಲ್ಲಿ ಬೇರೆ ಯಾರೋ ಇದ್ದರು. ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿ ಹೆಸರುಗಳನ್ನು ಹೊಸದಾಗಿ ಹಾಕಿದ ಮೇಲೆ ಸರಿಹೋಯಿತು. ಹೊಸದಾಗಿ ಸೇರಿದ ಕೋಕಿಲಾ ಎಂಬ ಹುಡುಗಿಗೆ, "ಹೆಸರು ಹಾಕೋ ಮುಂದ ಕಣ್ಣು ಎಲ್ಲಿ ಇರ್ತಾವ ನಿನ್ನವು?" ಎಂದು ಬೈದೆ. ಅವಳು, "ನಾ ಹಾಕಿಲ್ರಿ ಸಿಸ್ಟರ್, ಆಣಿ ಮಾಡಿ ಹೇಳ್ತೀನಿ" ಎಂದು ಅತ್ತಳು.

"ಆರು ತಿಂಗಳಿಗೊಮ್ಮೆ ಬಂದು ನೋಡ್ಕೊಂಡು ಹೋಗ್ತೀನ್ರಿ ಅಕ್ಕಾರ" ಎಂದು ಹೇಳಿ ಹೋದವರು ನೀವು. ಆರು ತಿಂಗಳಾಗಿ ಹೋಯಿತು. ಯಾವಾಗ ಬರುತ್ತೀರಿ? ಆಫೀಸಿನ ಫೋನಿನಿಂದ ಎಸ್.ಟಿ.ಡಿ. ಮಾಡಲು ನಮಗೆ ಕೊಡುವುದಿಲ್ಲ. ಕಾಗದ ಬರೆಯಿರಿ.

ಇಂತಿ,
ಗಿರಿಜಾಬಾಯಿ, ಸ್ಟಾಫ್ ನರ್ಸ್

*

ನಾಚಾರಂ, ಹೈದರಾಬಾದ್
೨೧ ಆಗಸ್ಟ್ ೧೯೯೯

ಮಾನ್ಯರೇ,

ತಮ್ಮ ಪತ್ರ ತಲುಪಿತು. ಅಮರೇಶಪ್ಪ ಅವರು ಈಗ ಈ ಕೆಲಸವನ್ನು ನೋಡುತ್ತಿಲ್ಲ. ಇನ್ನು ಮುಂದೆ ನನ್ನ ಹೆಸರಿಗೆ ಬರೆಯಬಹುದು.

ಒಂದೇ ಹೆಸರು ಎರಡು ಕಡೆ ಬರಲು ಟೈಪಿಂಗ್ ತಪ್ಪು ಕಾರಣವಿರಬೇಕು. ಹೆಸರು ನಮೂದಿಸುವಾಗ ಮಂಚದ ಸಂಖ್ಯೆಯನ್ನು ಮತ್ತೊಮ್ಮೆ ನೋಡಿಕೊಳ್ಳಬೇಕಾಗಿ ವಿನಂತಿ. ತೊಂದರೆ ಮರುಕಳಿಸಿದರೆ ತಿಳಿಸಿ.

ತಮ್ಮ ವಿಶ್ವಾಸಿ,
ಶಾಂಭವಿ
ಸಾಫ್ಟ್‌ವೇರ್ ವಿಭಾಗ

*

ರಾಯಚೂರು
೧೪ ಸೆಪ್ಟೆಂಬರ್ ೧೯೯೯

ಶಾಂಭವಿ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ಓದಿ ಕೋಕಿಲಾಳಿಗೆ ಇನ್ನೊಮ್ಮೆ ಬೈದೆ. ಆದರೆ ಈ ವಾರ ಅದೇ ತಕರಾರು ನಾನೇ ಹೆಸರು ಹಾಕಿದಾಗ ಆಯಿತು. ಒಬ್ಬ ರೋಗಿಯನ್ನು ಒಂದು ಮಂಚದಿಂದ ಇನ್ನೊಂದಕ್ಕೆ ಕಳಿಸಿದ್ದೆವು, ಖಾಲಿ ಮಂಚಕ್ಕೆ ಹೊಸಬರು ಬಂದರು. ಸ್ವಲ್ಪ ಹೊತ್ತಿಗೆ ನೋಡಿದರೆ ಹೊಸಬರ ಹೆಸರೇ ಎರಡೂ ಕಡೆ. ಕರೆಂಟ್ ಏರಿಳಿತದಿಂದ ಹೀಗಾಗುತ್ತದೆಯೋ ಏನೋ. ನಮ್ಮಲ್ಲಿ ಕರೆಂಟಿನ ಕಥೆ ನಿಮಗೆ ಗೊತ್ತಿಲ್ಲ. ಕೋಕಿಲಾಳಿಗೆ ಒಂದು ಚಹಾ ಕುಡಿಸಿ ಸಮಾಧಾನ ಮಾಡಿದೆ.

ಅಮರೇಶಪ್ಪನವರು ಅಮೆರಿಕಕ್ಕೆ ಹೋದರೇ? ಹೈದರಾಬಾದಿನ ಕಂಪ್ಯೂಟರ್ ಹುಡುಗರೆಲ್ಲ ಈಗ ಅಲ್ಲಿಗೇ ಹೋಗುತ್ತಾರಂತೆ, ನಮ್ಮ ಡಾಕ್ಟರ್ ಅಳಿಯನೂ ಹೋಗಿದ್ದಾನೆ. ಹೋಗಲಿ, ಒಳ್ಳೆಯದಾಗಲಿ. ಒಂದು ಮಾತು ಹೇಳಿ ಹೋಗಬಹುದಿತ್ತು. ಒಂದು ವಾರ ನನ್ನ ಡಬ್ಬಿಯಲ್ಲೇ ಉಂಡವರು. ಊಟದ ಹೊತ್ತಿಗೆ ಹೆಂಡತಿಯ ಮಾತು ತೆಗೆಯುತ್ತಿದ್ದರು. "ನಮ್ಮ ಮನ್ಯಾಕಿ ನನಗಿಂತ ಶ್ಯಾಣ್ಯಾಕಿ ಅದಾಳ್ರಿ ಅಕ್ಕಾರ. ಕಾಲೇಜಿನಾಗ ಕಂಪ್ಯೂಟರ್ ಕಲಸ್ತಾಳ. ನಾ ಬರದದ್ದು ಒಮ್ಮೆ ಓದು ಅಂದ್ರ, ನಿಮ್ಮದು ನಿಮಗ ಇರಲಿ ಅಂತಾಳ" ಎಂದು ನಗುತ್ತಿದ್ದರು. ಅವರ ಈಗಿನ ವಿಳಾಸ ಇದ್ದರೆ ದಯವಿಟ್ಟು ಕಳಿಸಿ. ಅವರಿಗೇ ನೇರ ಬರೆದು ಕೇಳುತ್ತೇನೆ.

ಗಿರಿಜಾಬಾಯಿ

*

ನಾಚಾರಂ
೨೭ ಸೆಪ್ಟೆಂಬರ್ ೧೯೯೯

ಗಿರಿಜಾಬಾಯಿ ಅವರಿಗೆ,

ಟೈಪಿಂಗ್ ತಪ್ಪು ಎಂದು ನಾನು ಬರೆದದ್ದು ಅವಸರದ ಮಾತು. ಕರೆಂಟಿನಿಂದಲೂ ಹಾಗೆ ಆಗಲಾರದು. ಏನಾಗಿರಬಹುದೆಂದು ಹುಡುಕುತ್ತಿದ್ದೇನೆ. ನೀವು ನೋಡಿದ್ದನ್ನು ನನಗೆ ಸರಿಯಾಗಿ ತಿಳಿಸಲು ಅನುಕೂಲವಾಗಲೆಂದು ಒಳಗಿನ ಏರ್ಪಾಡನ್ನು ಸ್ವಲ್ಪ ಹೇಳುತ್ತೇನೆ.

ಪ್ರೋಗ್ರಾಮಿನ ಒಳಗೆ ಪ್ರತಿಯೊಬ್ಬ ರೋಗಿಯೂ ಒಂದು ಆಬ್ಜೆಕ್ಟ್, ಅಂದರೆ ತನ್ನ ಹೆಸರು, ಅಂಕಿಗಳನ್ನು ಇಟ್ಟುಕೊಂಡಿರುವ ಒಂದು ವಸ್ತು. ಮಂಚ ಒಂದು ಆಬ್ಜೆಕ್ಟ್, ಕೂಗುವ ಗಂಟೆ ಒಂದು ಆಬ್ಜೆಕ್ಟ್. ಇವೆಲ್ಲಕ್ಕೂ ತಾಯಿಬೇರಿನಂತೆ ಒಂದು ಮೂಲ ಆಬ್ಜೆಕ್ಟ್ ಇದೆ. ಅದಕ್ಕಿರುವ ಗುಣಗಳು ಉಳಿದ ಎಲ್ಲಕ್ಕೂ ಬರುತ್ತವೆ. ಅದರ ಮುಖ್ಯ ಗುಣವೆಂದರೆ, ತನ್ನನ್ನು ಎಷ್ಟು ಮಂದಿ ಹಿಡಿದುಕೊಂಡಿದ್ದಾರೆ ಎಂದು ಲೆಕ್ಕ ಇಡುವುದು. ಮಂಚ ರೋಗಿಯನ್ನು ಹಿಡಿದುಕೊಂಡಾಗ ಲೆಕ್ಕ ಒಂದು ಏರುತ್ತದೆ, ಬಿಟ್ಟಾಗ ಒಂದು ಇಳಿಯುತ್ತದೆ. ಸೊನ್ನೆಗೆ ಇಳಿದರೆ ಆ ರೋಗಿ ಯಾರಿಗೂ ಬೇಕಿಲ್ಲ ಎಂದರ್ಥ. ಆಗ ಕಂಪ್ಯೂಟರಿನ ಮೆಮೊರಿಯಲ್ಲಿ ಅವನಿಗೆ ಕೊಟ್ಟಿದ್ದ ಜಾಗವನ್ನು ಬಿಡಿಸಿ ಮುಂದೆ ಬರುವವರಿಗೆ ಕೊಡಲಾಗುತ್ತದೆ. ಹಾಗೆ ಮಾಡದಿದ್ದರೆ ಜಾಗ ತುಂಬಿ ಯಂತ್ರ ನಿಂತುಹೋಗುತ್ತದೆ.

ಈ ಮೂಲ ಆಬ್ಜೆಕ್ಟನ್ನು ಬರೆದವರು ಅಮರೇಶಪ್ಪ. ಇಲ್ಲಿ ಯಾರೂ ಅದನ್ನು ಮುಟ್ಟುವುದಿಲ್ಲ. ಮುಟ್ಟುವ ಅಗತ್ಯ ಬಂದಿಲ್ಲ ಎನ್ನುತ್ತಾರೆ. ನಾನು ಇಲ್ಲಿ ರೋಗಿಯನ್ನು ಒಂದು ಮಂಚದಿಂದ ಇನ್ನೊಂದಕ್ಕೆ ಹತ್ತಾರು ಬಾರಿ ಸರಿಸಿ ನೋಡಿದೆ. ಎಲ್ಲ ಸರಿಯಾಗಿಯೇ ಇದೆ. ಮತ್ತೊಮ್ಮೆ ಹಾಗಾದರೆ ಯಾವುದರ ನಂತರ ಯಾವುದು ಮಾಡಿದಿರಿ ಎಂದು ಬರೆಯಿರಿ.

ಅವರ ವಿಳಾಸ ನನ್ನ ಬಳಿ ಇಲ್ಲ. ದಯವಿಟ್ಟು ಯಂತ್ರದ ವಿಷಯವನ್ನಷ್ಟೇ ಬರೆಯಿರಿ.

ಶಾಂಭವಿ

*

ರಾಯಚೂರು
೩ ನವೆಂಬರ್ ೧೯೯೯

ಶಾಂಭವಿ ಮೇಡಂ ಅವರಿಗೆ,

ನಿಮ್ಮ ಕಂಪನಿಯಿಂದ ಒಂದು ಕಾಗದ ಬೇಕಾಗಿದೆ. ನಿಮ್ಮ ಯಂತ್ರದ ಪರದೆಯ ಮೇಲೆ ಕೆಲವೊಮ್ಮೆ ತಪ್ಪು ಬರುವ ಸಾಧ್ಯತೆ ಇದೆ ಎಂದು ಅದರಲ್ಲಿ ಬರೆದಿರಬೇಕು. ಸಹಿ, ಕಂಪನಿಯ ಸಿಕ್ಕಾ-ಮೊಹರು ಇರಬೇಕು. ಆದಷ್ಟು ಬೇಗ ಕಳಿಸಿ. ಆಸ್ಪತ್ರೆಗೆ ಬೇಡ, ಕೆಳಗಿರುವ ನನ್ನ ಮನೆಯ ವಿಳಾಸಕ್ಕೆ ಕಳಿಸಿ.

ಗಿರಿಜಾಬಾಯಿ

*

ನಾಚಾರಂ
೧೫ ನವೆಂಬರ್ ೧೯೯೯

ಗಿರಿಜಾಬಾಯಿ ಅವರಿಗೆ,

ದೀಪಾವಳಿಗೆ ಕಾರ್ಖಾನೆ ಮುಚ್ಚಿದ್ದರಿಂದ ಉತ್ತರ ತಡವಾಯಿತು.

ಮುಂದಿನ ವರ್ಷದ ಸರ್ವಿಸ್ ಕರಾರಿನ ಸಲುವಾಗಿ ನಿಮ್ಮ ಆಸ್ಪತ್ರೆಯವರು ಕಾಗದ ಕೇಳಿರಬೇಕೆಂದು ಭಾವಿಸಿದ್ದೇನೆ. ನಮ್ಮ ಮಾಲೀಕರಾದ ಸೂರ್ಯಕಾಂತ ಅವರ ಸಹಿ ಇರುವ ಗ್ಯಾರಂಟಿ ಪತ್ರವನ್ನು ಜೊತೆಗಿಟ್ಟಿದ್ದೇನೆ. ನೀವು ಕೇಳಿದ ಒಕ್ಕಣೆ ಅದರಲ್ಲಿ ಇಲ್ಲ. ಅಂಥ ಪತ್ರ ಕೊಡುವ ರೂಢಿ ನಮ್ಮಲ್ಲಿ ಇಲ್ಲ ಎಂದರು.

ಹೆಸರಿನ ತೊಂದರೆ ಮತ್ತೆ ಕಂಡಿಲ್ಲವೆಂದು ತಿಳಿಯುತ್ತೇನೆ.

ಶಾಂಭವಿ

*

ರಾಯಚೂರು
೨೦ ನವೆಂಬರ್ ೧೯೯೯

ಮೇಡಂ,

ನಿಮ್ಮ ಗ್ಯಾರಂಟಿ ಪತ್ರ ಸಿಕ್ಕಿತು. "ಈ ಯಂತ್ರವು ಸಂಪೂರ್ಣ ವಿಶ್ವಾಸಾರ್ಹ" ಎಂದು ಅದರ ಮೊದಲ ಸಾಲಿನಲ್ಲೇ ಇದೆ. ಇದನ್ನು ಯಾರಿಗಾದರೂ ತೋರಿಸಿದರೆ ನನ್ನ ಕುತ್ತಿಗೆಗೆ ನಾನೇ ಹಗ್ಗ ಹಾಕಿಕೊಂಡಂತೆ.

ನಡೆದದ್ದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆದರೆ ಕಂಪನಿಯವರು ಹೆದರಿ ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ನಮ್ಮ ಮನೆಯವರು ಹೇಳಿದ್ದರು. ಈಗ ಮುಚ್ಚಿಟ್ಟು ಏನೂ ಉಪಯೋಗವಿಲ್ಲ.

ಅಕ್ಟೋಬರ್ ಮೂರನೇ ವಾರ. ಹಂಪಯ್ಯ ಎನ್ನುವವರು ಮೂರನೇ ಮಂಚದಲ್ಲಿದ್ದರು. ಹತ್ತಿ ಮಿಲ್ಲಿನಲ್ಲಿ ತೂಕ ಮಾಡುವ ಕೆಲಸ. ನ್ಯುಮೋನಿಯಾ ಆಗಿ ಬಂದವರು ಚೇತರಿಸಿಕೊಳ್ಳುತ್ತಿದ್ದರು. ಅವತ್ತು ಬೆಳಗ್ಗೆ ಅವರ ಹೆಂಡತಿ ಯಂಕಮ್ಮ ತಂದ ಗಂಜಿ ಕುಡಿದು, "ಉಪ್ಪು ಹಾಕಿಲ್ಲಲೇ ಇದಕ್ಕ" ಎಂದು ಜಗಳ ಕೂಡ ಆಡಿದ್ದರು. ಮಧ್ಯಾಹ್ನ ಸಾಬಮ್ಮ ಎನ್ನುವ ಮುದುಕಿಯನ್ನು ತೀರ ಕೆಟ್ಟ ಸ್ಥಿತಿಯಲ್ಲಿ ತಂದರು. ಉಸಿರಾಟದ ದೊಡ್ಡ ಯಂತ್ರ ಇರುವುದು ಮೂರನೇ ಮಂಚಕ್ಕೆ. ಹಂಪಯ್ಯನವರನ್ನು ಆರನೇ ಮಂಚಕ್ಕೆ ಸರಿಸಿದೆವು. ಕಂಪ್ಯೂಟರಿನಲ್ಲೂ ಅವರನ್ನು ಆರಕ್ಕೆ ಸರಿಸಿ, ಸಾಬಮ್ಮನ ಹೆಸರನ್ನು ಮೂರಕ್ಕೆ ಹಾಕಿದೆ. ಆರನೇ ಮಂಚ ಮೂಲೆಯಲ್ಲಿದೆ, ನಡುವೆ ಬಟ್ಟೆಯ ಪರದೆ ಇದೆ, ಮೇಜಿನಿಂದ ಕಾಣುವುದಿಲ್ಲ. ಮಂಚದ ಬಳಿ ನಾಡಿ ಅಳೆಯುವ ಸಣ್ಣ ಪೆಟ್ಟಿಗೆಗಳಿಗೆ ದನಿ ಇಲ್ಲ, ಅದು ನಿಮಗೇ ಗೊತ್ತು.

ಒಂದನೇ ಮಂಚದ ರೋಗಿಗೆ ಗಾಯದ ಪಟ್ಟಿ ಬದಲಿಸುತ್ತಿದ್ದೆ. ನಡುವೆ ಎದ್ದು ಬಂದು ಪರದೆ ನೋಡಿದೆ. ಆರನೇ ಮಂಚದ ಆಕ್ಸಿಜನ್ ತೊಂಬತ್ತೇಳು ಇತ್ತು. ಮತ್ತೆ ಹೋಗಿ ಪಟ್ಟಿ ಕಟ್ಟಿದೆ. ಮತ್ತೆ ನೋಡಿದೆ, ತೊಂಬತ್ತಾರು. ಗಂಟೆ ಕೂಗಲಿಲ್ಲ. ಅಷ್ಟರಲ್ಲಿ ಯಂಕಮ್ಮ ಒಳಗೆ ಬಂದವಳು ಕಿರುಚಿದಳು. ಹಂಪಯ್ಯನವರ ತುಟಿ ನೀಲಿಯಾಗಿತ್ತು. ನಾವು ಏನೇನು ಮಾಡಬೇಕೋ ಎಲ್ಲ ಮಾಡಿದೆವು, ಉಳಿಯಲಿಲ್ಲ.

ಆಮೇಲೆ ಪರದೆಯ ಮೇಲೆ ನೋಡಿದರೆ ಆರನೇ ಮಂಚದ ಮೇಲೂ ಸಾಬಮ್ಮನ ಹೆಸರೇ ಇತ್ತು. ನಾನು ಅಂಕಿಯನ್ನು ನೋಡಿದ್ದೆ, ಹೆಸರನ್ನು ನೋಡಿರಲಿಲ್ಲ. ಯಾರನ್ನೋ ಕರೆದು ತೋರಿಸುವಷ್ಟರಲ್ಲಿ ಕೋಕಿಲಾ ಗಾಬರಿಯಲ್ಲಿ ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿದ್ದಳು. ಹಾಗೆ ಮಾಡು ಎಂದು ಅವಳಿಗೆ ಕಲಿಸಿದವಳು ನಾನೇ.

ನಾನು ಪರದೆ ನೋಡಲೇ ಇಲ್ಲ, ಕುರ್ಚಿಯಲ್ಲಿ ಕೂತು ನಿದ್ದೆ ಹೋಗಿದ್ದೆ ಎಂದು ನನ್ನ ಮೇಲೆ ದೂರು. "ಮಷೀನ್ ಸುಳ್ಳು ಹೇಳಂಗಿಲ್ಲವಾ ಗಿರಿಜಾಬಾಯಿ" ಎಂದರು ಡಾಕ್ಟರ್ ಅಂಬಾದಾಸ. ಇಪ್ಪತ್ತೆರಡು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದ್ದೇನೆ. ಕೆಲಸದಿಂದ ನಿಲ್ಲಿಸಿದ್ದಾರೆ. ವಿಚಾರಣೆ ಡಿಸೆಂಬರಿನಲ್ಲಿ. ಪೊಲೀಸ್ ಕಂಪ್ಲೇಂಟ್ ಕೊಡುತ್ತೇವೆ ಎಂದು ಹಂಪಯ್ಯನ ಕಡೆಯವರು ತಿರುಗುತ್ತಿದ್ದಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟಿರುವುದು ನಿಮ್ಮ ಮೇಲೆ. ಅಮರೇಶಪ್ಪ ಇದ್ದಿದ್ದರೆ ಮೊದಲ ಕಾಗದಕ್ಕೇ ಬಸ್ಸು ಹತ್ತಿ ಬರುತ್ತಿದ್ದರು. ನೀವು ಅವರನ್ನು ಬಚ್ಚಿಟ್ಟಿದ್ದೀರಿ. ಅವರು ಎಲ್ಲಿದ್ದರೂ ಈ ಕಾಗದವನ್ನು ಅವರಿಗೆ ತಲುಪಿಸಿ.

ಗಿರಿಜಾಬಾಯಿ

*

ತಾರ್ನಾಕ, ಹೈದರಾಬಾದ್
೪ ಡಿಸೆಂಬರ್ ೧೯೯೯

ಗಿರಿಜಾಬಾಯಿ ಅಕ್ಕನವರಿಗೆ,

ಇದನ್ನು ಮನೆಯಿಂದ ಬರೆಯುತ್ತಿದ್ದೇನೆ.

ತಪ್ಪು ಸಿಕ್ಕಿತು. ನೀವು ಬರೆದ ಕ್ರಮದಲ್ಲೇ ಮಾಡಿ ನೋಡಿದೆ. ಮೂರರಲ್ಲಿ ಹಂಪಯ್ಯ ಎಂದು ಹಾಕಿ, ಆರಕ್ಕೆ ಸರಿಸಿ, ಕೂಡಲೇ ಸಾಬಮ್ಮ ಎಂಬ ಹೊಸ ಹೆಸರನ್ನು ಮೂರಕ್ಕೆ ಸೇರಿಸಿದೆ. ಎರಡೂ ಮಂಚಗಳ ಮೇಲೆ ಸಾಬಮ್ಮ ಬಂದರು. ಸೆಪ್ಟೆಂಬರಿನಲ್ಲಿ ನಾನು ಸರಿಸಿ ನೋಡಿದ್ದೆನೇ ಹೊರತು ಹಿಂದೆಯೇ ಹೊಸಬರನ್ನು ಸೇರಿಸಿರಲಿಲ್ಲ.

ನಡೆಯುವುದು ಇಷ್ಟೇ. ರೋಗಿಯನ್ನು ಸರಿಸುವಾಗ ಹೊಸ ಮಂಚ ಮೊದಲು ಹಿಡಿದುಕೊಳ್ಳಬೇಕು, ಆಮೇಲೆ ಹಳೆಯ ಮಂಚ ಬಿಡಬೇಕು. ಪ್ರೋಗ್ರಾಮಿನಲ್ಲಿ ಆ ಎರಡು ಸಾಲುಗಳು ಹಿಂದುಮುಂದಾಗಿವೆ. ಹಳೆಯ ಮಂಚ ಮೊದಲು ಬಿಡುತ್ತದೆ. ಆ ಕ್ಷಣಕ್ಕೆ ಹಂಪಯ್ಯನವರನ್ನು ಹಿಡಿದವರು ಯಾರೂ ಇಲ್ಲ. ಲೆಕ್ಕ ಸೊನ್ನೆ. ಅವರ ಜಾಗವನ್ನು ಖಾಲಿ ಎಂದು ಬರೆದುಬಿಡುತ್ತದೆ. ಆಮೇಲೆ ಆರನೇ ಮಂಚ ಆ ಖಾಲಿ ಜಾಗವನ್ನೇ ಹಿಡಿದುಕೊಳ್ಳುತ್ತದೆ. ಒಳಗಿದ್ದದ್ದು ಅಳಿಸಿಲ್ಲವಾದ್ದರಿಂದ ಹೆಸರು, ಅಂಕಿ ಎಲ್ಲ ಸರಿಯಾಗಿಯೇ ಕಾಣುತ್ತಿರುತ್ತವೆ. ಮುಂದಿನ ರೋಗಿ ಸೇರಿದ ಕೂಡಲೇ ಆ ಜಾಗ ಅವರದಾಗುತ್ತದೆ. ನೀವು ನೋಡಿದ ತೊಂಬತ್ತೇಳು ಸಾಬಮ್ಮನದು. ಹಂಪಯ್ಯನವರ ಅಂಕಿಯನ್ನು ಆ ಹೊತ್ತಿನಲ್ಲಿ ಕಂಪ್ಯೂಟರ್ ನೋಡುತ್ತಲೇ ಇರಲಿಲ್ಲ.

ನೀವು ನಿದ್ದೆ ಹೋಗಿರಲಿಲ್ಲ. ನೀವು ಸರಿಯಾಗಿ ನೋಡಿದಿರಿ.

ಈ ಸಾಲುಗಳು ಇರುವುದು ಮೂಲ ಆಬ್ಜೆಕ್ಟಿನಲ್ಲಿ. ಸೂರ್ಯಕಾಂತ ಸರ್ ಅವರಿಗೆ ತೋರಿಸಿದೆ. ಅವರು ಬೇಗಂ ಬಜಾರಿನಲ್ಲಿ ದಿನಸಿ ವ್ಯಾಪಾರ ಮಾಡುವ ಬೀದರ ಕಡೆಯ ಮನೆತನದವರು. ಅಂಗಡಿಯನ್ನು ತಮ್ಮಂದಿರಿಗೆ ಬಿಟ್ಟು ಈ ಕಾರ್ಖಾನೆ ಹಾಕಿದವರು. ಕೆಟ್ಟ ಮನುಷ್ಯರಲ್ಲ. ಬಹಳ ಹೊತ್ತು ಪರದೆಯನ್ನೇ ನೋಡುತ್ತಾ ಕೂತರು.

"ಸುಧಾರಿಸಿ ಕಳಸೋಣವಾ. ಸುಮ್ನ ಕಳಸೋಣ. ಕಾಗದ-ಗೀಗದ ಬ್ಯಾಡ" ಎಂದರು.

"ಅಲ್ಲಿ ಒಬ್ಬ ನರ್ಸಿನ ಕೆಲಸ ಹೊಂಟೈತ್ರಿ ಸರ್" ಎಂದೆ.

"ಇಲ್ಲಿ ನಲವತ್ತು ಮಂದಿದು ಹೋಗ್ತದ. ಅಮರೇಶ ನನ್ನ ತಮ್ಮ ಇದ್ದಂಗ ಇದ್ದ. ಅವನ ಹೆಸರಿಗೆ ನೀನs ಮಸಿ ಹಚ್ಚತೀಯೇನು? ಬ್ಯಾರೆ ಯಾರರೆ ಅಂದಿದ್ರ ಮಾತು ಬ್ಯಾರೆ."

ನನ್ನ ಮೇಜಿಗೆ ಬಂದು ಆ ಎರಡು ಸಾಲುಗಳನ್ನು ಅದಲುಬದಲು ಮಾಡಿದೆ. ಮತ್ತೆ ಪರೀಕ್ಷಿಸಿದೆ. ಹಂಪಯ್ಯ ಆರರಲ್ಲಿ ಉಳಿದರು. ಆಮೇಲೆ ಬಿಳಿ ಹಾಳೆಯ ಮೇಲೆ, ಕಂಪನಿಯ ಹೆಸರಿನಲ್ಲಿ ಅಲ್ಲ, ನನ್ನ ಹೆಸರಿನಲ್ಲಿ, ನಡೆದದ್ದನ್ನೆಲ್ಲ ಬರೆದು ನೋಟರಿಯ ಮುಂದೆ ಸಹಿ ಮಾಡಿದೆ. ಅದು ಇದರ ಜೊತೆಗಿದೆ. ಇದೇ ಯಂತ್ರ ಇರುವ ಇನ್ನೂ ನಾಲ್ಕು ಆಸ್ಪತ್ರೆಗಳಿಗೂ ಬರೆದಿದ್ದೇನೆ. ಹೊಸ ಪ್ರೋಗ್ರಾಂ ಬರುವವರೆಗೆ ಯಾರನ್ನೂ ಒಂದು ಮಂಚದಿಂದ ಇನ್ನೊಂದಕ್ಕೆ ಕಂಪ್ಯೂಟರಿನಲ್ಲಿ ಸರಿಸಬೇಡಿ. ಈ ಒಂದು ಸಾಲನ್ನು ಸೆಪ್ಟೆಂಬರಿನಲ್ಲೇ ನಿಮಗೆ ಬರೆಯಬಹುದಾಗಿತ್ತು. ಹೊಳೆಯಲಿಲ್ಲ.

ಮರುದಿನ ಸರ್ ಅವರಿಗೆ ವಿಷಯ ಹೇಳಿದೆ. "ನಾಳಿಂದ ಬರಬ್ಯಾಡ" ಎಂದರು. ಈಗ ಮನೆಯಲ್ಲಿದ್ದೇನೆ.

ನೋಟರಿ ಕಾಗದದಲ್ಲಿ ನೀವು ಓದಲಿರುವ ಒಂದು ಮಾತನ್ನು ಮೊದಲು ನಾನೇ ಹೇಳಬೇಕು. ಅಮರೇಶಪ್ಪ ಅಮೆರಿಕಕ್ಕೆ ಹೋಗಿಲ್ಲ. ಮಾರ್ಚಿನಲ್ಲಿ ನಾಚಾರಂನ ಕಾರ್ಖಾನೆಗಳ ರಸ್ತೆಯಲ್ಲಿ ಒಂದು ಲಾರಿ ಹಿಂದಕ್ಕೆ ಬಂತು. ಅವರು ಸ್ಕೂಟರ್ ನಿಲ್ಲಿಸಿಕೊಂಡು ಅದರ ಹಿಂದೆ ಇದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದರು. ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಅವರ ಹೆಂಡತಿ ನಾನು. ಅವರ ಕೆಲಸ ಮಾಡಬಲ್ಲವರು ಬೇರೆ ಯಾರೂ ಇಲ್ಲವೆಂದು ಸರ್ ಏಪ್ರಿಲ್‌ನಲ್ಲಿ ನನ್ನನ್ನು ಕರೆದರು. ಹೋಗಿ ಅದೇ ಕುರ್ಚಿಯಲ್ಲಿ ಕೂತೆ.

ಇದನ್ನು ನಿಮ್ಮಿಂದ ಬೇಕೆಂದೇ ಮುಚ್ಚಿಟ್ಟೆ ಎಂದಲ್ಲ. ನಿಮ್ಮ ಮೊದಲ ಕಾಗದ ಅವರ ಹೆಸರಿಗೆ ಬಂತು. ಒಡೆದು ಓದಿದೆ. ಉತ್ತರ ಬರೆಯಲು ಕೂತಾಗ ಆ ಒಂದು ವಾಕ್ಯ ಬರಲಿಲ್ಲ. ಇಲ್ಲಿ ಎಲ್ಲರಿಗೂ ಗೊತ್ತಿದ್ದದ್ದರಿಂದ ನಾನು ಅದನ್ನು ಯಾರಿಗೂ ಹೇಳಬೇಕಾಗಿಯೇ ಬಂದಿರಲಿಲ್ಲ.

ತಪ್ಪು ಸಿಕ್ಕಾಗ ನನಗೆ ಏನೂ ಅನ್ನಿಸಲಿಲ್ಲ ಅಕ್ಕ. ಅವರದು ಎಂದು ದುಃಖವಾಗಲಿಲ್ಲ, ಹಂಪಯ್ಯನವರಿಗಾಗಿಯೂ ಅಳು ಬರಲಿಲ್ಲ. ಬೆಳಗ್ಗೆ ಏಳುತ್ತೇನೆ. ಅನ್ನ ಮಾಡುತ್ತೇನೆ. ಯೂನಿವರ್ಸಿಟಿಯ ಗೇಟಿನವರೆಗೆ ನಡೆದು ವಾಪಸ್ ಬರುತ್ತೇನೆ. ಪಕ್ಕದ ಮನೆಯವರು ತೆಲುಗಿನಲ್ಲಿ "ಬಾಗುನ್ನಾರಾ?" ಎಂದು ಕೇಳಿದರೆ ಚೆನ್ನಾಗಿದ್ದೇನೆ ಎನ್ನುತ್ತೇನೆ. ಅದು ಸುಳ್ಳು ಎಂದೂ ಅನ್ನಿಸುವುದಿಲ್ಲ.

ವಿಚಾರಣೆಯಲ್ಲಿ ನಾನು ಬೇಕಾದರೆ ತಂತಿ ಕೊಡಿ, ಬರುತ್ತೇನೆ.

ಶಾಂಭವಿ

*

ರಾಯಚೂರು
೧೮ ಡಿಸೆಂಬರ್ ೧೯೯೯

ತಂಗಿ ಶಾಂಭವಿ,

ನಿನ್ನನ್ನು ನೀನು ಎಂದೇ ಕರೆಯುತ್ತೇನೆ. ನಿನ್ನ ಕಾಗದ ಬಂದ ದಿನ ಅಡುಗೆ ಮಾಡಲಿಲ್ಲ. ನಮ್ಮ ಮನೆಯವರು, "ಯಾರು ಹೋದ್ರು?" ಎಂದು ಕೇಳಿದರು. "ನಮ್ಮ ತಮ್ಮ" ಎಂದೆ. ನಾನು ನಿನಗೆ ಏನೆಲ್ಲ ಬರೆದಿದ್ದೆ ಎಂದು ನೆನೆಸಿಕೊಂಡು ನಾಲಿಗೆ ಕಚ್ಚಿಕೊಂಡೆ. ಬಚ್ಚಿಟ್ಟಿದ್ದೀರಿ ಎಂದು ಬರೆದೆನಲ್ಲ.

ವಿಚಾರಣೆ ಮುಗಿಯಿತು. ನಿನ್ನ ಕಾಗದವನ್ನು ಡಾಕ್ಟರ್ ಅಂಬಾದಾಸರ ಮುಂದೆ ಇಟ್ಟೆ. ಓದಿದರು. ನಂಬಲಿಲ್ಲ. ನನ್ನನ್ನೂ ಕರೆದುಕೊಂಡು ವಾರ್ಡಿಗೆ ಹೋಗಿ, ಖಾಲಿ ಮಂಚಗಳಿಗೆ ಸುಳ್ಳು ಹೆಸರುಗಳನ್ನು ಹಾಕಿ ನೀನು ಬರೆದ ಹಾಗೆಯೇ ಮಾಡಿಸಿದರು. ಒಂದೇ ಹೆಸರು ಎರಡು ಮಂಚಗಳ ಮೇಲೆ ಬಂತು. ಅವರು ಕನ್ನಡಕ ತೆಗೆದು ಅಂಗಿಗೆ ಒರೆಸಿಕೊಂಡರು. "ನಡೀರಿ ಸಿಸ್ಟರ್" ಎಂದರು, ಅಷ್ಟೇ. ನನ್ನಿಂದ ತಪ್ಪಾಯಿತು ಎನ್ನಲಿಲ್ಲ.

ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ಐ.ಸಿ.ಯು.ಗೆ ಅಲ್ಲ, ಹೊರರೋಗಿಗಳ ವಿಭಾಗಕ್ಕೆ. ಚೀಟಿ ಕೊಡುವುದು, ಸೂಜಿ ಹಾಕುವುದು. ಮತ್ತೆ ಆ ಮೇಜಿನ ಮುಂದೆ ನಿಲ್ಲು ಎಂದರೆ ನಿಲ್ಲುತ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಈಗ ಎಲ್ಲಿ ಅಂಕಿ ಕಂಡರೂ ಮೊದಲು ಹೆಸರು ಹುಡುಕುತ್ತೇನೆ.

ಆಸ್ಪತ್ರೆಯಿಂದ ನಿಮ್ಮ ಸೂರ್ಯಕಾಂತ ಅವರಿಗೆ ಫೋನ್ ಹೋಗಿದೆ. ಈ ಕಾಗದ ಬರೆದ ಹೆಂಗಸೇ ಬಂದು ಸರಿಮಾಡಬೇಕು ಎಂದು ಡಾಕ್ಟರ್ ಹಟ ಹಿಡಿದಿದ್ದಾರೆ. ಬೇರೆ ಆಸ್ಪತ್ರೆಗಳಿಂದಲೂ ಅವರಿಗೆ ಫೋನ್ ಬಂದಿರಬೇಕು. ಕರೆಯುತ್ತಾರೆ ನೋಡು.

ಯಂಕಮ್ಮನಿಗೆ ಡಾಕ್ಟರ್ ಕರೆಸಿ ಹೇಳಿದರು. ಅವಳು ಕಂಪ್ಯೂಟರ್, ಲೆಕ್ಕ ಎನ್ನುವುದನ್ನು ಕೇಳಿಸಿಕೊಳ್ಳಲಿಲ್ಲ. "ನೀವೆಲ್ಲಾ ಒಂದs" ಎಂದು ಎದ್ದು ಹೋದಳು. ಅವಳ ಮನೆ ದೇವಸೂಗೂರಿನಲ್ಲಿ, ಹೈದರಾಬಾದಿನ ದಾರಿಯಲ್ಲೇ. ನಾನು ಹೋಗಿದ್ದೆ, ಬಾಗಿಲು ತೆಗೆಯಲಿಲ್ಲ.

ನೀನು ಬಂದರೆ ನಮ್ಮ ಮನೆಯಲ್ಲೇ ಇಳಿಯಬೇಕು. ಏನೂ ಮಾತಾಡಬೇಕೆಂದಿಲ್ಲ.

ನಿನ್ನ ಅಕ್ಕ,
ಗಿರಿಜಾಬಾಯಿ

*

ತಾರ್ನಾಕ
೧೬ ಜನವರಿ ೨೦೦೦

ಅಕ್ಕ,

ಆಸ್ಪತ್ರೆಯ ಯಂತ್ರ ಸರಿಮಾಡಿ ನಿಮ್ಮ ಮನೆಯಿಂದ ಹೊರಟು ಮೂರು ದಿನವಾಯಿತು. ಸುಖವಾಗಿ ಮುಟ್ಟಿದ್ದೇನೆ ಎಂದು ಅವತ್ತೇ ಬರೆಯಬೇಕಾಗಿತ್ತು. ಹೇಳದೆ ಮಾಡಿದ ಒಂದು ಕೆಲಸವನ್ನು ಹೇಗೆ ಹೇಳುವುದೆಂದು ತಡಮಾಡಿದೆ.

ನೀವು ನನ್ನನ್ನು ಹೈದರಾಬಾದ್ ಬಸ್ಸಿಗೆ ಹತ್ತಿಸಿ ಡ್ಯೂಟಿಗೆ ಹೋದಿರಿ. ನಾನು ದೇವಸೂಗೂರಿನಲ್ಲಿ ಇಳಿದೆ. ಯಂಕಮ್ಮನ ಮನೆ ಕೇಳಿಕೊಂಡು ಹೋದೆ. ಬಾಗಿಲು ತೆರೆದೇ ಇತ್ತು. ಅವರು ಹೊಸ್ತಿಲಲ್ಲಿ ಕೂತು ಪುಂಡಿ ಸೊಪ್ಪು ಬಿಡಿಸುತ್ತಿದ್ದರು.

"ಯಾರಿಗೆ ಬೇಕಾಗಿತ್ರಿ?" ಎಂದರು.

ಆಸ್ಪತ್ರೆಯ ಕಂಪ್ಯೂಟರ್ ಕಂಪನಿಯವಳು ಎಂದೆ. ಸೊಪ್ಪಿನ ಮೇಲಿಂದ ತಲೆ ಎತ್ತಲಿಲ್ಲ. ನಾನು ಬಿಸಿಲಿನಲ್ಲಿ ನಿಂತೇ ಹೇಳಿದೆ. ಆಬ್ಜೆಕ್ಟ್, ಮೆಮೊರಿ ಎಂಬ ಮಾತೇ ಆಡಲಿಲ್ಲ. ಆರನೇ ಮಂಚಕ್ಕೆ ಹೋದ ಮೇಲೆ ಹಂಪಯ್ಯನವರನ್ನು ಆ ಯಂತ್ರ ಕೈಬಿಟ್ಟಿತು, ನರ್ಸಮ್ಮ ನೋಡಿದರು, ಆದರೆ ಯಂತ್ರ ಅವರಿಗೆ ಬೇರೆಯವರನ್ನು ತೋರಿಸಿತು ಎಂದೆ.

"ಯಂತ್ರ ತಾನs ಕಲ್ತಿತೇನು? ಯಾರೋ ಬರದಿರಬೇಕಲ್ಲ?"

"ನಮ್ಮ ಮನಿಯವ್ರು ಬರದಿದ್ರು."

ಆಗ ತಲೆ ಎತ್ತಿದರು. "ಅವ್ರು ಯಾಕ ಬರಲಿಲ್ಲ ಮತ್ತ? ಹೇಣ್ತಿನ್ನ ಕಳಸ್ಯಾರೇನು?"

"ಅವ್ರು ತೀರಿಕೊಂಡಾರ್ರಿ."

ಯಂಕಮ್ಮ ಕೈಯಲ್ಲಿದ್ದ ಸೊಪ್ಪನ್ನು ಮೊರಕ್ಕೆ ಹಾಕಿದರು. ಮಕ್ಕಳು ಎಷ್ಟು ಎಂದರು. ಇಲ್ಲ ಎಂದೆ. ಆಮೇಲೆ ಕೇಳಿದರು: "ಗಂಟಿ ಹೊಡದಿತ್ತಂದ್ರ ನಮ್ಮಾವ್ರು ಉಳೀತಿದ್ರೇನು?"

ನನಗೆ ಗೊತ್ತಿಲ್ಲ ಎಂದೆ. ಉಳಿಯುತ್ತಿದ್ದರೇನೋ ಎಂದೂ ಸೇರಿಸಿದೆ. ಸೇರಿಸದೆ ಇರಲಾಗಲಿಲ್ಲ.

"ಅವ್ರು ಬೇಕಂತ ಬರದಿಲ್ಲ, ಖರೆ" ಎಂದರು. "ಆದ್ರ ನಮ್ಮಾವ್ರು ಹೋದ್ರು, ಅದೂ ಖರೆ. ನಾ ಏನನ್ನಲಿ ನಿನಗ?"

ಏನೂ ಅನ್ನಬೇಡಿ ಎಂದು ಹೊರಡಲು ತಿರುಗಿದೆ. "ಬಿಸಲಾಗ ಎಲ್ಲಿಗೆ ಹೊಂಟಿ? ಕುಂದ್ರು" ಎಂದರು. ರೊಟ್ಟಿ, ಪುಂಡಿಪಲ್ಯ ಹಾಕಿಕೊಟ್ಟರು. ಅವರು ತಿನ್ನಲಿಲ್ಲ, ಎದುರಿಗೆ ಗೋಡೆಗೆ ಒರಗಿ ಕೂತರು. ಪಲ್ಯ ಬಹಳ ಹುಳಿ ಇತ್ತು. ಎಷ್ಟೋ ತಿಂಗಳ ಮೇಲೆ ಹುಳಿ ಎಂದು ನಾಲಿಗೆಗೆ ಗೊತ್ತಾಗಿ ನಾನು ತಿನ್ನುವುದನ್ನು ನಿಲ್ಲಿಸಿದೆ. "ಖಾರ ಆತೇನು?" ಎಂದರು. ಇಲ್ಲ ಎಂದೆ. ಇನ್ನೊಂದು ರೊಟ್ಟಿ ಹಾಕಿದರು. ನಮ್ಮನ್ನು ಕ್ಷಮಿಸಿದರೋ ಇಲ್ಲವೋ ಗೊತ್ತಿಲ್ಲ, ಕೇಳಲಿಲ್ಲ. ಪೊಲೀಸರ ಮಾತು ಅವರು ಎತ್ತಲಿಲ್ಲ. ಹೊರಡುವಾಗ, "ಆ ನರ್ಸಮ್ಮಗ ಬರಾಕ ಹೇಳು. ಬಾಗಲಾ ತಗೀತೀನಿ" ಎಂದರು. ಇದನ್ನು ನಿಮಗೆ ಮುಟ್ಟಿಸಬೇಕು ಎಂದೇ ಮುಖ್ಯವಾಗಿ ಬರೆಯುತ್ತಿದ್ದೇನೆ. ಹೋಗಿ ಬನ್ನಿ.

ಸೂರ್ಯಕಾಂತ ಸರ್ ಎಲ್ಲ ಆಸ್ಪತ್ರೆಗಳಿಗೂ ಹೊಸ ಪ್ರೋಗ್ರಾಂ ಕಳಿಸಿದ್ದಾರೆ. ಮುಂದಿನ ತಿಂಗಳಿಂದ ಮತ್ತೆ ಬಾ ಎಂದಿದ್ದಾರೆ. ಇನ್ನೂ ಉತ್ತರ ಹೇಳಿಲ್ಲ.

ದೇವಸೂಗೂರಿನಿಂದ ಮುಂದಿನ ಬಸ್ಸು ಸಿಕ್ಕಿತು. ನಿಂತುಕೊಂಡೇ ಬಂದೆ. ಕೃಷ್ಣೆಯ ಸೇತುವೆ ದಾಟುವಾಗ ಏನಾಯಿತೋ, ಕಂಬ ಹಿಡಿದುಕೊಂಡಿದ್ದಂತೆಯೇ ಅಳು ಶುರುವಾಯಿತು. ಬಾಯಿಗೆ ಸೆರಗು ತುರುಕಿಕೊಂಡರೂ ನಿಲ್ಲಲಿಲ್ಲ. ಎಲ್ಲರೂ ನೋಡುತ್ತಿದ್ದರು. ಕಂಡಕ್ಟರ್ ಹತ್ತಿರ ಬಂದು, "ಏಮೈಂದಮ್ಮಾ?" ಎಂದ. ಏನಾಯಿತು ಎಂದು.

"ಮಾ ಆಯನ ಪೋಯಾರು" ಎಂದೆ. ನಮ್ಮ ಮನೆಯವರು ಹೋದರು.

"ಎಪ್ಪುಡಮ್ಮಾ?" ಯಾವಾಗ ಎಂದು.

ಮಾರ್ಚಿನಲ್ಲಿ ಎನ್ನಲು ಬಾಯಿ ತೆರೆದೆ. "ಈ ರೋಜೇ" ಎಂದು ಬಂತು. ಇವತ್ತೇ.

ಅವನು ಕಿಟಕಿಯ ಬಳಿ ಕೂತಿದ್ದವರನ್ನು ಎಬ್ಬಿಸಿ ನನ್ನನ್ನು ಕೂರಿಸಿದ.

ನಿಮ್ಮ ತಂಗಿ,
ಶಾಂಭವಿ